ಊಟ ಆಯ್ತಾ

ಜನವರಿಯ ಹೊಸ ಟರ್ಮಿಗೆಂದು ನಿಶಿತಾ ಬಾಗಿಲುಗಳಿಗೆ ಅಂಟಿಸುವ ಹೆಸರುಗಳನ್ನು ಬಣ್ಣದ ಕಾಗದದಲ್ಲಿ ಕತ್ತರಿಸುತ್ತಿದ್ದಳು. ಟೊರಾಂಟೊದ ಆ ಹಾಸ್ಟೆಲಿನ ನಾಲ್ಕನೇ ಮಹಡಿಗೆ ಅವಳು ಆರ್‌ಎ. ಓದಿನ ಜೊತೆಗೆ ಅಲ್ಲಿನ ಹುಡುಗಿಯರನ್ನು ನೋಡಿಕೊಳ್ಳುವುದೂ ಅವಳ ಕೆಲಸ. ಈ ಸಲದ ಪಟ್ಟಿಯಲ್ಲಿ ಸಾಹಿತ್ಯಳ ಹೆಸರಿರಲಿಲ್ಲ.

ಎದುರು ಕೋಣೆಯಲ್ಲಿ ಸಾಹಿತ್ಯಳ ತಾಯಿ ಕೋಕಿಲಾ ಮಗಳ ಸಾಮಾನು ಕಟ್ಟುತ್ತಿದ್ದರು. ನಿಶಿತಾ ನೆರವಿಗೆ ಹೋದಳು. ಕೋಕಿಲಾ ಮನೆಯಿಂದ ಕಳಿಸಿದ್ದ ಒಂಬತ್ತು ಊಟದ ಡಬ್ಬಿಗಳು ಮಂಚದಡಿಯಿಂದ ಹೊರಬಂದವು. ಒಂದರ ಮುಚ್ಚಳವನ್ನೂ ತೆಗೆದಿರಲಿಲ್ಲ.

"ಸಾಹಿತ್ಯ ಆಸ್ಪತ್ರೇಲಿ ಈಗ ಒಂದೆರಡು ಚಮಚ ಗಂಜಿ ಕುಡೀತಾಳೆ ಕಣಮ್ಮ," ಎಂದರು ಕೋಕಿಲಾ. "ನಮ್ಮ ಕನ್ನಡದ ಹುಡುಗೀನೇ ಆರ್‌ಎ, ಇನ್ನೇನು ವರಿ ಅಂದ್ಕೊಂಡಿದ್ದೆ. ದಿನಾ ವಿಚಾರಿಸ್ತಿದ್ದೆಯಂತೆ."

"ಹೂಂ ಆಂಟಿ."

ನಿಶಿತಾ ದಿನವೂ ಬಾಗಿಲು ತಟ್ಟಿ "ಊಟ ಆಯ್ತಾ?" ಎಂದಿದ್ದಳು. "ಆಯ್ತು," ಎಂದು ಒಳಗಿನಿಂದ ಬಂದಿತ್ತು. ಮನೆಯಲ್ಲಿ ಯಾರು ಯಾರನ್ನು ಕೇಳಿದರೂ ಬರುವ ಉತ್ತರ. ಬೇರೆಯವರ ಬಾಗಿಲು ತೆಗೆಸಿ ಮುಖ ನೋಡುತ್ತಿದ್ದವಳು ಇಲ್ಲಿ ಮಾತ್ರ ಅಷ್ಟಕ್ಕೇ ತೃಪ್ತಳಾಗಿ, ವರದಿಯಲ್ಲಿ 'ಚೆನ್ನಾಗಿದ್ದಾಳೆ' ಎಂದು ಬರೆದಿದ್ದಳು.

"ನೀನಾದರೂ ಇದ್ದೆಯಲ್ಲ," ಎಂದು ಕೋಕಿಲಾ ಅವಳ ಕೆನ್ನೆ ಸವರಿ ಹೊರಟರು.

ಮುಂದಿನ ವರ್ಷವೂ ಆರ್‌ಎ ಆಗಲು ತುಂಬಿಟ್ಟಿದ್ದ ಅರ್ಜಿ ಅವಳ ಕೋಣೆಯ ಮೇಜಿನ ಮೇಲಿತ್ತು. ನಿಶಿತಾ ಅದನ್ನು ಮಗುಚಿ, ಹಿಂಬದಿಯಲ್ಲಿ ಪಟ್ಟಿಯ ಮುಂದಿನ ಹೆಸರು ಬರೆದು, ಕತ್ತರಿಸತೊಡಗಿದಳು.