ಪೂರ್ವಕ್ಕೆ ನಿಂತ ಟ್ರ್ಯಾಕ್ಟರ್

ಕಾರಮಡೈ ಸುತ್ತಿನ ಹೊಲಗಳಲ್ಲಿ ವೆಲ್ಲಿಂಗಿರಿಯ ಟ್ರ್ಯಾಕ್ಟರ್ ಕೆಟ್ಟು ನಿಂತಿತೆಂದರೆ ಸಾಕು, ಜನ ಓಡಿ ಬರುತ್ತಿದ್ದರು. ಕಳೆ ಕೀಳುವವರು ಕಳೆ ಬಿಟ್ಟು, ನೀರು ಕಟ್ಟುವವರು ಗುದ್ದಲಿ ಬಿಟ್ಟು ಬರುವರು. "ಅಯ್ಯೋ ಪಾಪ, ಒಂದು ಕೈಯಾಗೆ ಏನ್ ಮಾಡ್ತಾನೆ!" ಎನ್ನುವರು. ಬಂದವರೆಲ್ಲ ಒಳ್ಳೆಯವರೇ, ಅಲ್ಲವೆನ್ನಲಾಗುತ್ತದೆಯೇ? ಆದರೆ ಬೆಳಗಾದರೆ ಪಾಪ ಎನ್ನಿಸಿಕೊಂಡು ಬದುಕಿ ನೋಡಿ, ಆಗ ಗೊತ್ತಾಗುತ್ತದೆ ಅದರ ರುಚಿ.

ಎಂಬತ್ತೈದನೆಯ ಇಸವಿಯಲ್ಲಿ ಕಬ್ಬಿನ ಗಾಣ ಅವನ ಎಡಗೈ ಬೆರಳುಗಳನ್ನು ನುಂಗಿತ್ತು. ಉಳಿದದ್ದು ಅಂಗೈ ಮಾತ್ರ. ಸ್ಟೀರಿಂಗ್ ಒತ್ತಿ ಹಿಡಿಯಲು ಅಷ್ಟು ಸಾಕು. ಉಳುವುದರಲ್ಲಿ ಅವನ ಸಾಲು ಇಂದಿಗೂ ದಾರ ಹಿಡಿದ ಹಾಗೆ. ತೊಂದರೆ ಇದ್ದದ್ದು ರಿಪೇರಿಯಲ್ಲಿ. ಬಾಗಿದ ಕಂಬಿ ನೆಟ್ಟಗಾಗಬೇಕಾದರೆ ಒಂದು ಕೈ ಹಿಡಿಯಬೇಕು, ಇನ್ನೊಂದು ಬಡಿಯಬೇಕು. ಹಿಡಿಯುವ ಕೈ ಅವನಿಗಿರಲಿಲ್ಲ. ಹೆಂಡತಿ ವಳ್ಳಿಯಮ್ಮ ಮನೆಗೆಲಸ ಬಿಟ್ಟು ಹೊಲಕ್ಕೆ ಓಡಿ ಬಂದು ಹಿಡಿಯುತ್ತಿದ್ದಳು. ಒಮ್ಮೆ ಸುತ್ತಿಗೆ ಜಾರಿ ಅವಳ ಹೆಬ್ಬೆರಳ ಉಗುರು ಕಪ್ಪಾಯಿತು. ಅವಳು ತುಟಿ ಪಿಟಿಕ್ಕೆನ್ನಲಿಲ್ಲ, ಅತ್ತವನು ಅವನೇ.

ಟ್ರ್ಯಾಕ್ಟರಿನಲ್ಲಿ ಅಣ್ಣ ತಿರುಮಲೈಸಾಮಿಗೂ ಪಾಲಿತ್ತು. ಅವನು ಒಂದು ದಿನ ಕಡ್ಡಿ ಮುರಿದಂತೆ ಹೇಳಿಬಿಟ್ಟ. "ತಮ್ಮಾ, ಗಾಡಿ ಕೆಟ್ಟು ನಿಂತ್ರೆ ಹೊಲದವರು ಬೇರೆ ಗಾಡಿ ಕರೀತಾರೆ. ದೀಪಾವಳಿ ಕಳೀಲಿ, ಒಬ್ಬ ಡ್ರೈವರ್‌ನ ಹಾಕೋಣ. ನೀನು ಮನೇಲಿ ಎಮ್ಮೆ ನೋಡ್ಕೊ."

ಎಮ್ಮೆ! ಟ್ರ್ಯಾಕ್ಟರಿನ ಸೀಟು ಬಿಟ್ಟರೆ ತನಗೆ ಬೇರೆ ಜಾಗವಿಲ್ಲ ಎಂದುಕೊಂಡಿದ್ದ ಮನುಷ್ಯ ಆ ರಾತ್ರಿ ಊಟ ಮುಟ್ಟಲಿಲ್ಲ. ಮರುದಿನ ವಳ್ಳಿಯಮ್ಮ ಯಾರಿಗೂ ಹೇಳದೆ ಕೊಯಮತ್ತೂರಿನ ಬಸ್ಸು ಹತ್ತಿದಳು.

ಅವಳ ಅಪ್ಪ ಗುರುಸಾಮಿ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವರದೊಂದು ವೈಸ್ ಇತ್ತು. ಎರಡು ಉಕ್ಕಿನ ದವಡೆಗಳ ನಡುವೆ ಏನು ಕೊಟ್ಟರೂ ಮಿಸುಕದ ಹಾಗೆ ಕಚ್ಚಿ ಹಿಡಿಯುವ ದಪ್ಪ ಕಬ್ಬಿಣದ ವೈಸ್. ಆಯುಧಪೂಜೆಯ ದಿನ ಆ ಮನೆಯಲ್ಲಿ ಮೊದಲ ಕುಂಕುಮ ಅದಕ್ಕೇ. ಮಗಳು ಅದನ್ನೇ ಬಾಯಿಬಿಟ್ಟು ಕೇಳಿದಾಗ ಮುದುಕರು ಅದರ ದವಡೆಯನ್ನು ಒಮ್ಮೆ ಬಟ್ಟೆಯಿಂದ ಒರೆಸಿದರು. ಆಮೇಲೆ ಸ್ಪ್ಯಾನರ್ ತಂದು ಬೋಲ್ಟು ಬಿಚ್ಚಿದರು.

"ಒಂದೇ ಮಾತು ಮಗಳೇ," ಎಂದರು. "ಇದರ ಮುಖ, ಈ ಹಿಡಿಕೆಯ ಕಡೆ, ಯಾವಾಗಲೂ ಪೂರ್ವಕ್ಕೇ ಇದ್ದದ್ದು. ಗುಡಿಯಾಗೆ ದೇವರು ಇದ್ದ ಹಾಗೆ. ಅದನ್ನ ತಪ್ಪಿಸಬೇಡಿ."

ಗೋಣಿಚೀಲದಲ್ಲಿ ಆ ಭಾರವನ್ನು ಹೊತ್ತು ಅವಳು ಬಸ್ಸಿಳಿದದ್ದನ್ನು ನೋಡಿ ವೆಲ್ಲಿಂಗಿರಿ ಓಡಿ ಹೋಗಿ ಚೀಲಕ್ಕೆ ಹೆಗಲು ಕೊಟ್ಟ. "ಹುಚ್ಚಿ, ಸೊಂಟ ಏನಾಗಬೇಕು?" ಎಂದು ಗದರಿದ. "ನನ್ನ ಸೊಂಟ ನಂಗೆ ಗೊತ್ತು, ನೀ ವೆಲ್ಡಿಂಗ್‌ನವನ ಕೂಗು," ಎಂದಳು ಅವಳು.

ವೆಲ್ಡಿಂಗ್ ಸೆಲ್ಲಪ್ಪನ್ ಮನೆಗೇ ಬಂದ. ಟ್ರ್ಯಾಕ್ಟರಿನ ಮುಂದಿನ ಬಂಪರಿಗೆ ದಪ್ಪ ತಗಡು ಬೆಸೆದು ವೈಸ್ ಕೂರಿಸುವುದೆಂದು ತೀರ್ಮಾನವಾಯಿತು. ಈಗ ಪೂರ್ವದ ಮಾತು. ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರ್ ನಿಲ್ಲುವುದು ಉತ್ತರಕ್ಕೆ. ಅಂದರೆ ಪೂರ್ವ ಅದರ ಬಲಕ್ಕೆ. ಗಂಡಹೆಂಡತಿ ಸೇರಿ ವೈಸಿನ ಮುಖವನ್ನು ಬಲಕ್ಕೆ ತಿರುಗಿಸಿ ಬಿಗಿಸಿದರು, ಅರಿಸಿನ ಕುಂಕುಮ ಇಟ್ಟರು, ನಿಂಬೆಹಣ್ಣು ಕೊಯ್ದರು. ವೆಲ್ಲಿಂಗಿರಿ ಒಂದು ಪುಟ್ಟ ಬೋಲ್ಟನ್ನು ದವಡೆಗೆ ಕೊಟ್ಟು ಅರದಿಂದ ಉಜ್ಜಿದ. ಅದು ಅಲುಗಲಿಲ್ಲ. ಅವನಿಗಾದ ಸಂತೋಷವನ್ನು ಏನೆಂದು ಹೇಳಲಿ!

ಬಡಪಾಯಿಗಳು! ಹೊಲದಲ್ಲಿ ಟ್ರ್ಯಾಕ್ಟರ್ ಎಲ್ಲ ದಿಕ್ಕಿಗೂ ಸುತ್ತುತ್ತದೆ ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. ಅದೂ ಹೋಗಲಿ. ಮೂರನೆಯ ದಿನ ನೇಗಿಲು ಕಲ್ಲಿಗೆ ಬಡಿದು, ಅದನ್ನು ಟ್ರ್ಯಾಕ್ಟರಿಗೆ ಜೋಡಿಸುವ ಉದ್ದದ ಕಂಬಿ ನಡುವಿನಲ್ಲೇ ಬಾಗಿತು. ಅಣ್ಣನೂ ಅಲ್ಲೇ ಇದ್ದ. ವೆಲ್ಲಿಂಗಿರಿ ಜಂಬದಿಂದ ಕಂಬಿಯನ್ನು ವೈಸಿಗೆ ಕೊಡಹೋದರೆ, ವೈಸ್ ಬಲಕ್ಕೆ ಮುಖಮಾಡಿ ಕೂತಿದ್ದರಿಂದ ಕಂಬಿ ಉದ್ದುದ್ದಕ್ಕೆ ನಿಂತು, ಅದರ ಹಿಂತುದಿ ಹೋಗಿ ರೇಡಿಯೇಟರಿನ ಜಾಲರಿಗೆ ಠಣ್ಣೆಂದು ಬಡಿಯಿತು. ಹೇಗೆ ತಿರುಗಿಸಿದರೂ ಅಷ್ಟೇ. ಜನ ಎಂದಿನಂತೆ ಓಡಿ ಬಂದರು. "ವೈಸಿಗೆ ಪೂಜೆ ಮಾಡಿದ್ದಷ್ಟೇ ಬಂತು. ದೀಪಾವಳಿವರೆಗೆ ಕಾಯೋದು ಬೇಡ, ಸೋಮವಾರಾನೇ ಒಬ್ಬ ಡ್ರೈವರ್ ಹುಡುಗನ್ನ ಬರಹೇಳ್ತೀನಿ," ಎಂದು ಅಣ್ಣ ಎದ್ದುಹೋದ.

ವೈಸನ್ನು ಮುಂದಕ್ಕೆ ತಿರುಗಿಸಿದರೆ ಕಂಬಿ ಅಡ್ಡಡ್ಡ ಸಲೀಸಾಗಿ ನಿಲ್ಲುತ್ತದೆ, ಅದು ಸೆಲ್ಲಪ್ಪನ್‌ಗೂ ಕಂಡಿತು. ಆದರೆ ಮಾವನ ಮಾತು? ಅವರು ಆ ವೈಸ್ ಕೊಟ್ಟದ್ದೇ ಜೀವ ಕೊಟ್ಟ ಹಾಗೆ. ಅವರ ಮಾತು ಮೀರಿ ಸೀಟು ಉಳಿಸಿಕೊಳ್ಳಲು ವೆಲ್ಲಿಂಗಿರಿಗೆ ಮನಸ್ಸು ಬರಲಿಲ್ಲ. ಭಾನುವಾರ ಬೆಳಿಗ್ಗೆ ಮುದುಕರನ್ನೇ ಕರೆತಂದ.

ಗುರುಸಾಮಿ ಬಂಪರನ್ನು ನೋಡಿದರು, ಕೊಟ್ಟಿಗೆಯನ್ನು ನೋಡಿದರು, ಅಳಿಯನನ್ನು ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

"ಅಯ್ಯೋ ಅಳಿಯಪ್ಪಾ! ನನ್ನ ಶೆಡ್ಡಿಗೆ ಚಕ್ರ ಇರಲಿಲ್ಲ, ಅದಕ್ಕೆ ವೈಸ್ ತಿರುಗಿಸಿ ಕೂರಿಸಿದ್ದೆ. ನಿಂಗೆ ನಾಲ್ಕು ಚಕ್ರ ಅದೆಯಲ್ಲ! ಕೆಲಸ ಬಂದಾಗ ಗಾಡೀನೇ ಪೂರ್ವಕ್ಕೆ ತಿರುಗಿಸು."

ವೆಲ್ಲಿಂಗಿರಿ ಅವರ ಕಾಲು ಮುಟ್ಟಿದ. "ಮಾಮಾ, ನೀವು ಚೆನ್ನಾಗಿರಬೇಕು," ಎಂದಷ್ಟೇ ಅಂದ. ಸಂಜೆಯೊಳಗೆ ವೈಸ್ ಮುಂದಕ್ಕೆ ಮುಖಮಾಡಿ ಕೂತಿತು.

ಸೋಮವಾರ ಸುಬ್ಬಾತಾಳ್ ಎಂಬ ಮುದುಕಿಯ ಹೊಲ. ಬದುವಿನ ಮೇಲೆ ಅಣ್ಣ, ಪಕ್ಕದಲ್ಲಿ ಹೊಸ ಡ್ರೈವರ್. ವೆಲ್ಲಿಂಗಿರಿ ಆ ಬಾಗಿದ ಕಂಬಿಯನ್ನೇ ಹಾಗೂ ಹೀಗೂ ಕಟ್ಟಿಕೊಂಡು ಬಂದಿದ್ದ. ಉಳುವ ಮೊದಲು ಟ್ರ್ಯಾಕ್ಟರನ್ನು ಸುತ್ತಿಸಿ ಸೂರ್ಯನಿಗೆದುರಾಗಿ ನಿಲ್ಲಿಸಿದ. ಜನ ಎಂದಿನಂತೆ ಬಂದರು.

"ಯಾರೂ ಮುಟ್ಟಬೇಡಿ," ಎಂದ. "ನಿಮ್ಮೆಲ್ಲರ ಉಪಕಾರ ದೊಡ್ಡದು. ಇವತ್ತು ಮಾತ್ರ ನಿಂತು ನೋಡಿ."

ಬಲಗೈಯಲ್ಲಿ ಕಂಬಿ ಹಿಡಿದು ಎಡ ಅಂಗೈಯಿಂದ ವೈಸಿನ ಹಿಡಿಕೆ ಒತ್ತಿ ಸುತ್ತಿದ. ದವಡೆ ಕಚ್ಚಿತು. ಕಂಬಿಯ ತುದಿಗೆ ಪೈಪು ತೂರಿಸಿ, ಮೈಭಾರವನ್ನೆಲ್ಲ ಹಾಕಿ ಎಳೆದ. ಅಷ್ಟು ದೊಡ್ಡ ಟ್ರ್ಯಾಕ್ಟರೇ ಅವನ ಪರವಾಗಿ ನಿಂತು ಹಿಡಿದಿತ್ತು. ಕಂಬಿ ಮೆಲ್ಲಗೆ ನೆಟ್ಟಗಾಯಿತು. ಬೆವರು ಒರೆಸಿಕೊಂಡು ನೋಡಿದರೆ, ಜನರ ಹಿಂದೆ ವಳ್ಳಿಯಮ್ಮ ತನ್ನ ಕಪ್ಪು ಉಗುರಿನ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ನೀನು ತಂದ ಕೈ ಇದು ಎಂದು ಅವಳಿಗೆ ಕೂಗಿ ಹೇಳಬೇಕೆನಿಸಿತು. ಜನರೆದುರು ನಾಚಿಕೆಯಾಗಿ ತಲೆಯಾಡಿಸಿದ.

ಅಣ್ಣ ಹೊಸ ಡ್ರೈವರಿನ ಹೆಗಲು ತಟ್ಟಿ, "ಬಾಪ್ಪ, ಟೀ ಕುಡಿದು ಊರಿಗೆ ಹೋಗು," ಎಂದ.

ಈಗ ಆ ಕಡೆಯ ಹೊಲಗಳಲ್ಲಿ ವೆಲ್ಲಿಂಗಿರಿಯ ಟ್ರ್ಯಾಕ್ಟರ್ ಅರ್ಧ ಸಾಲಿನಲ್ಲಿ ಪೂರ್ವಕ್ಕೆ ತಿರುಗಿ ನಿಂತರೆ ಏನೋ ಕೆಟ್ಟಿದೆ ಎಂದು ಎಲ್ಲರಿಗೂ ಗೊತ್ತು. ಕಳೆ ಕೀಳುವವರು ತಲೆಯೆತ್ತಿ ನೋಡುತ್ತಾರೆ, ಮತ್ತೆ ಬಗ್ಗುತ್ತಾರೆ. ಯಾರೂ ಓಡಿ ಬರುವುದಿಲ್ಲ.