ಗೆರೆ ಮೂಡದ ಬೆರಳು

"ಇನ್ನೊಂದ್ಸಲ ಒತ್ತಿ," ಎಂದ ಗುಮಾಸ್ತ.

ಪಾಲಿಶಕ್ಕ ಒತ್ತಿದಳು. ಬೆರಳಚ್ಚು ಯಂತ್ರದ ಗಾಜಿನ ಕೆಳಗಿನ ಹಸಿರು ದೀಪ ಕೆಂಪಾಯಿತು. ಇದು ಮೂರನೆಯ ಸಲ. ಹತ್ತು ಬೆರಳಲ್ಲಿ ಒಂದರ ಗೆರೆಯೂ ಮೂಡಲಿಲ್ಲ.

"ಎಲ್ಲಾ ಸವೆದೋಗಿದೆಯಲ್ಲಮ್ಮ. ಏನು ಕೆಲಸ ನಿಮ್ದು?"

"ಉಪ್ಪುಕಾಗದದಲ್ಲಿ ಮರ ಉಜ್ಜೋದು. ಉಜ್ಜದೆ ಬಿಟ್ಟಿದ್ರೆ ನಿಮ್ಮ ಕುರ್ಚಿ ಇಷ್ಟೊತ್ತಿಗೆ ನಿಮ್ಮ ಪ್ಯಾಂಟು ಹರಿದಿರ್ತಿತ್ತು."

ಗುಮಾಸ್ತ ನಗಲಿಲ್ಲ. ಬೆರಳಚ್ಚಿಲ್ಲದೆ, ಮೇಲೆ ಯಾವ ಕೇಸೂ ಇಲ್ಲವೆಂಬ ಪೊಲೀಸ್ ಪತ್ರವಿಲ್ಲ; ಅದಿಲ್ಲದೆ ಮಗುವನ್ನು ದತ್ತು ಪಡೆಯುವ ಫೈಲು ಕಡಲು ದಾಟುವಂತಿಲ್ಲ. ಆಚೆ ದೇಶಕ್ಕೆ ದುಡಿಯಲು ಹೋದ ಪಾಲಿಶಕ್ಕನ ತಂಗಿ ಅಲ್ಲೇ ತೀರಿಕೊಂಡಿದ್ದಳು. ಅವಳ ಐದು ವರ್ಷದ ಮಗಳು ಅಲ್ಲಿನ ಅನಾಥಾಲಯದಲ್ಲಿದ್ದಳು. ಎರಡು ವರ್ಷ ಫೈಲು ಮೇಜಿಂದ ಮೇಜಿಗೆ ಅಲೆದಾಗ ಯಾರಿಗೂ ಇರದ ಅವಸರ ಈಗ ಹುಟ್ಟಿತ್ತು. ತಿಂಗಳ ಕೊನೆಯೊಳಗೆ ಪತ್ರ ಬರದಿದ್ದರೆ ಮಗುವನ್ನು ಬೇರೆಯವರಿಗೆ ಕೊಡುತ್ತೇವೆಂದು ಅಲ್ಲಿಂದ ಕಾಗದ ಬಂದಿತ್ತು.

"ಮೂರು ವಾರ ಕೆಲಸ ಬಿಡಿ. ಚರ್ಮ ಬೆಳೆಯುತ್ತೆ," ಎಂದ ಗುಮಾಸ್ತ.

ಕಾರ್ಖಾನೆಯ ಮೇಸ್ತ್ರಿ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕ. "ಈ ಬೆರಳಿಟ್ಕೊಂಡು ಮರ ಉಜ್ಜೋಕೆ ಬಂದೆಯಲ್ಲೇ! ಕಳ್ಳತನಕ್ಕಿಳಿದಿದ್ರೆ ಮಹಡಿ ಮನೆ ಕಟ್ಟಿರ್ತಿದ್ದೆ."

"ಮೊದಲು ನಿನ್ನ ಮನೆಗೇ ಬರ್ತಿದ್ದೆ. ಅಲ್ಲೇನಿದೆ ಅಂತ ಸುಮ್ನಾದೆ."

ನಗು ನಿಂತ ಮೇಲೆ ಅವನು ಮೆಲ್ಲಗೆ, "ಹೋಗಿ ಬಾ. ನಿನ್ನ ಜಾಗಕ್ಕೆ ಯಾರನ್ನೂ ಕೂರಿಸಲ್ಲ," ಎಂದ.

ಸುಮ್ಮನೆ ಕೂರುವುದು ಅವಳಿಗೆ ಗೊತ್ತೇ ಇರಲಿಲ್ಲ. ಪಾತ್ರೆ ತೊಳೆಯುವಾಗಲೂ ಕೈಗವಸು ತೊಟ್ಟಳು, ಹೊತ್ತುಹೊತ್ತಿಗೆ ಎಣ್ಣೆ ಸವರಿದಳು. ಮಧ್ಯಾಹ್ನಗಳು ಮುಗಿಯುತ್ತಿರಲಿಲ್ಲ. ಕಾರ್ಖಾನೆಯಲ್ಲಾದರೆ ಪಾಲಿಶಕ್ಕ ಎಂದು ದಿನಕ್ಕೆ ನೂರು ಸಲ ಕರೆಯುತ್ತಿದ್ದರು. ಇಲ್ಲಿ ಕರೆಯುವವರೇ ಇಲ್ಲ. ಒಂದು ದಿನ ಗೋಡೆಗೆ ಕೇಳುವಂತೆ "ದೊಡ್ಡಮ್ಮ" ಎಂದುಕೊಂಡಳು. ತನ್ನ ದನಿಗೆ ತಾನೇ ಬೆಚ್ಚಿದಳು.

ತಿಂಗಳ ಕೊನೆಗೆ ನಾಲ್ಕು ದಿನ ಉಳಿದಿರುವಾಗ ಮತ್ತೆ ಹೋಗಿ ಬೆರಳೊತ್ತಿದಳು. ದೀಪ ಹಸಿರಾಗಿಯೇ ನಿಂತಿತು.

"ಬಂತು ನೋಡಿ! ಪತ್ರ ಇವತ್ತೇ ಹೋಗುತ್ತೆ. ಅವರು ಮಗೂನ ಬೇರೆಯವರಿಗೆ ಕೊಡಲ್ಲ, ಭಯ ಬೇಡ."

"ಮಗು ಯಾವಾಗ ಬರುತ್ತೆ?"

"ಅವರ ಉತ್ತರ ಬರ್ಬೇಕು. ಆರು ತಿಂಗಳೋ, ವರ್ಷವೋ. ಮತ್ತೆ ಬೆರಳಚ್ಚು ಕೇಳಿದ್ರೂ ಕೇಳಬಹುದು. ಅಲ್ಲೀತನಕ ಉಜ್ಜಬೇಡಿ."

"ಅಲ್ಲೀತನಕ ಹೊಟ್ಟೆಗೆ ನಿಮ್ಮ ರಸೀದಿ ತಿನ್ನಲಾ?"

ಗುಮಾಸ್ತ ಮುಂದಿನವರನ್ನು ಕರೆದ.

ಮನೆಯಲ್ಲಿ, ಮಗುವಿಗೆಂದು ಅವಳು ಮಾಡಿಟ್ಟ ಪುಟ್ಟ ಕುರ್ಚಿ ಬಟ್ಟೆ ಹೊದ್ದು ಕೂತಿತ್ತು. ಬಟ್ಟೆ ತೆಗೆದಳು. ಕಾರ್ಖಾನೆಯಲ್ಲಿ ಯಾರಾದರೂ ಪಾಲಿಶ್ ಮೇಲೆ ಬೆರಳಿಟ್ಟರೆ ಸೂರು ಹಾರಿಹೋಗುವಂತೆ ಬೈಯುವವಳು, ಹೊಳೆಯುವ ಬೆನ್ನಿನ ಮೇಲೆ ಹೆಬ್ಬೆರಳನ್ನು ಮೆತ್ತಗೆ ಒತ್ತಿ ತೆಗೆದಳು. ಗೆರೆ, ಗೆರೆಯೊಳಗೆ ಗೆರೆ, ನಡುವೆ ಒಂದು ಸಣ್ಣ ಸುಳಿ.

ಕೈ ತಾನಾಗಿ ಒರೆಸುವ ಬಟ್ಟೆಯತ್ತ ಹೋಯಿತು. ಬಟ್ಟೆ ಹಿಡಿದುಕೊಂಡೇ ಅವಳು ಕುರ್ಚಿಯ ಎದುರು ನೆಲದ ಮೇಲೆ ಕೂತಳು. ಒರೆಸಲಿಲ್ಲ.