ಪರೀಕ್ಷೆಯ ದಿನದ ತಿಂಡಿ

ಮೇಷ್ಟ್ರು ಹೋಟೆಲಿನ ಶಟರನ್ನು ಅರ್ಧ ಎಳೆದಿದ್ದರು. ಅಷ್ಟರಲ್ಲಿ ಒಬ್ಬ ಹುಡುಗಿ ಬಗ್ಗಿ ಒಳಗೆ ನುಸುಳಿಯೇಬಿಟ್ಟಳು.

"ತಿಂಡಿ ಇದೆ ಅಲ್ವಾ? ಒಂಬತ್ತಕ್ಕೆ ಪರೀಕ್ಷೆ!"

ಅವಳ ಹಿಂದೆ ಇನ್ನೂ ಆರು ಮಂದಿ.

"ತಿಂಡಿ ಮಾಡೋರೇ ಇಲ್ಲಮ್ಮ. ನಿನ್ನೆ ಬೆಳಗ್ಗೆ ನಮ್ಮಣ್ಣ ಹೋಗ್ಬಿಟ್ಟ" ಎಂದ ತೀರಿಕೊಂಡ ಹೋಟೆಲ್ ಯಜಮಾನರ ತಮ್ಮ.

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಎಲ್ಲರೂ ಹಿಂದೆ ಸರಿದರು.

ಮೇಷ್ಟ್ರು ಗಡಿಯಾರ ನೋಡಿದರು. ತಾವು ಓದಿದ ಈ ಊರಿಗೆ ಅವರು ಇಪ್ಪತ್ತೆರಡು ವರ್ಷದ ಮೇಲೆ ಸಮುದ್ರ ದಾಟಿ ಬಂದದ್ದು ಒಂದೇ ಒಂದು ಆಸೆಗೆ. ಎಂಟೂವರೆಗೆ ದೇಹ ಹೊತ್ತ ಆಸ್ಪತ್ರೆಯ ಗಾಡಿ ಹೋಟೆಲಿನ ಮುಂದೆ ಐದು ನಿಮಿಷ ನಿಲ್ಲುತ್ತದೆ. ಓದುವಾಗ ತಾವೂ ಅಣ್ಣ ಎಂದೇ ಕರೆಯುತ್ತಿದ್ದ ಯಜಮಾನರ ಮುಖ ಕಾಣುವುದು ಆಗ ಮಾತ್ರ. ಆಮೇಲೆ ಪೆಟ್ಟಿಗೆ ಮುಚ್ಚಿದರೆ ಮುಚ್ಚಿದಂತೆಯೇ. 'ದೇವರೇ, ಇದೊಂದನ್ನು ತಪ್ಪಿಸಬೇಡ' ಎಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದರು.

"ನಿಲ್ರೋ!" ಮೆಟ್ಟಿಲ ಮೇಲಿಂದ ಅಣ್ಣನ ಹೆಂಡತಿಯ ದನಿ. ಓದುವ ಮಕ್ಕಳಿಗೆಲ್ಲ ಆಕೆ ಅಕ್ಕ. "ಪರೀಕ್ಷೆ ದಿನ ಅವರು ಯಾರನ್ನಾದ್ರೂ ಹಸಿದು ಕಳಿಸಿದ್ದುಂಟಾ?"

"ಅತ್ತಿಗೆ, ನಂಗೆ ನೀರು ಕಾಯಿಸೋಕೂ ಬರಲ್ಲ" ಎಂದ ತಮ್ಮ.

ಅಕ್ಕ ಮೇಷ್ಟ್ರ ಕಡೆ ತಿರುಗಿದರು. "ಮೂರು ವರ್ಷ ಆ ಒಲೆ ಪಕ್ಕ ನಿಂತು ಹರಟೆ ಕೊಚ್ಚಿದೋನು ನೀನಲ್ವೇನೋ? ಹಚ್ಚು."

\* \* \*

ಅಪ್ಪ ಸತ್ತ ಸುದ್ದಿ ಬಂದಾಗ ಮೇಷ್ಟ್ರಿಗೆ ಇಪ್ಪತ್ತೊಂದು. ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಮರುದಿನ ಪರೀಕ್ಷೆ. ಅಣ್ಣ ಕೇಳದೆಯೇ ತಟ್ಟೆ ತಂದಿಟ್ಟು, ಕುರ್ಚಿ ಎಳೆದುಕೊಂಡು ಎದುರು ಕೂತರು.

"ಅಳಬೇಡ ಅನ್ನಲ್ಲಪ್ಪ. ತಿಂತಾ ಅಳು."

ತಟ್ಟೆ ಖಾಲಿಯಾಗುವ ತನಕ ಅಣ್ಣ ಏಳಲಿಲ್ಲ. ಇಬ್ಬರು ಗಿರಾಕಿಗಳು ಕೂಗಿ ಸಾಕಾಗಿ ಬೈದುಕೊಂಡು ಹೋದರು. ಅಪ್ಪನ ಮುಖ ನೋಡಲಿಲ್ಲವೆಂಬ ಮುಳ್ಳು ಮಾತ್ರ ಎದೆಯಲ್ಲೇ ಉಳಿಯಿತು.

\* \* \*

ಮೇಷ್ಟ್ರು ಮೊಟ್ಟೆ ಒಡೆದರು, ಬಾಗಿಲ ಕಡೆ ನೋಡಿದರು, ಮತ್ತೆ ಒಡೆದರು. ಮೊದಲನೆಯ ಆಮ್ಲೆಟ್ ಕರಕಲಾಯಿತು. ಬ್ರೆಡ್ಡು ಕೊಯ್ಯುತ್ತ ಬೆರಳು ಕೊಯ್ದುಕೊಂಡರು. ಎಂಟೂವರೆಯಾಯಿತು, ಗಾಡಿಯಿಲ್ಲ. ಎಂಟೂ ಮೂವತ್ತೈದು.

"ಅಂಕಲ್, ಉಪ್ಪು ಹಾಕಿದ್ರಾ?" ಒಬ್ಬ ಹುಡುಗ ಕೇಳಿದ.

"ಹಾಕಿದೀನಿ. ಎರಡು ಸಲ ಹಾಕಿದೀನೋ ಏನೋ, ಬಾಯಿ ಮುಚ್ಕೊಂಡು ತಿನ್ನು."

ಆ ಸಾವಿನ ಮನೆಯಲ್ಲೂ ಹುಡುಗ ಕಿಸಕ್ಕನೆ ನಕ್ಕುಬಿಟ್ಟ.

ಗಾಡಿ ಬಂದದ್ದು ಎಂಟೂ ನಲವತ್ತಕ್ಕೆ. ನಾಲ್ವರು ತಿಂದಿದ್ದರು, ಮೂವರದು ಬಾಕಿ. ಪರೀಕ್ಷೆಯ ಕೋಣೆಗೆ ಹತ್ತು ನಿಮಿಷದ ನಡಿಗೆ.

"ಮೇಷ್ಟ್ರೇ, ಬೇಗ ಬನ್ನಿ! ಹಿಂದೆ ಬಸ್ಸು ನಿಂತಿದೆ, ಬೈತಿದಾರೆ!" ತಮ್ಮ ಬೀದಿಯಿಂದ ಕೂಗಿದ.

ಹುಡುಗಿ ಎದ್ದಳು. "ನೀವು ಹೋಗಿ ಅಂಕಲ್. ನಮಗೆ ಬೇಡ."

ಮೇಷ್ಟ್ರ ಒಂದು ಕಾಲು ಬಾಗಿಲ ಕಡೆ ಹೋಗಿತ್ತು. ಅಲ್ಲೇ ನಿಂತರು. ಬಾಣಲೆಯಲ್ಲಿ ಇನ್ನೂ ಹಸಿ ಹಸಿ.

"ಕೂತ್ಕೊ" ಎಂದರು.

ಬಸ್ಸಿನ ಹಾರನ್ನು ಬಿಟ್ಟೂ ಬಿಡದೆ ಅರಚಿತು. ಬೀದಿಯಲ್ಲಿ ಮರದ ಮುಚ್ಚಳ ಕೂತ ಸದ್ದು. ಅವರು ತಟ್ಟೆಗೆ ಬಡಿಸಿದರು, ಎಣ್ಣೆ ಹಾಕಿದರು, ಮತ್ತೆರಡು ಮೊಟ್ಟೆ ಒಡೆದರು. ಬಾಣಲೆಯಿಂದ ದಟ್ಟ ಹೊಗೆ ಎದ್ದಿತು.

ಅಕ್ಕ ಗಾಡಿ ಹತ್ತುತ್ತ ತಿರುಗಿದರು. ಹೋಟೆಲಿನ ಕಿಟಕಿಯ ಗಾಜಿನಾಚೆಯಿಂದ ಒಲೆಯನ್ನು ನೋಡಿ, ಹೆಬ್ಬೆರಳು ತೋರುಬೆರಳು ಸೇರಿಸಿ ಗಾಳಿಯಲ್ಲಿ ತಿರುವಿದರು: ಉರಿ ಸಣ್ಣ ಮಾಡು.